ಸಿಯೋಲ್–ಬುಸಾನ್ ರಸ್ತೆಯ ಡ್ರೈವರ್ ನನ್ನ ಪಕ್ಕದಲ್ಲಿ ಕೂತ ದಿನ

2021ರಲ್ಲಿ ನಾನು ಲಾಸ್ ಏಂಜಲೀಸ್‌ನಲ್ಲಿ ಹೆದ್ದಾರಿ ಇಂಜಿನಿಯರಿಂಗ್ ಓದುತ್ತಿದ್ದೆ. ಆದರೆ ಸಿಗ್ನಲ್ಲೇ ಇಲ್ಲದ ಇಲ್ಲಿನ ಹೆದ್ದಾರಿಗಳನ್ನು, ಅಂದರೆ ಫ್ರೀವೇಗಳನ್ನು, ಹತ್ತಲು ನನಗೇ ಭಯವಿತ್ತು. ಮೈಸೂರಿನಲ್ಲಿ ಸ್ಕೂಟಿ ಓಡಿಸಿದ ಧೈರ್ಯ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಎಲ್ಲಿಗೇ ಹೊರಟರೂ ಒಳರಸ್ತೆಗಳಲ್ಲೇ, ಸಿಗ್ನಲ್‌ನಿಂದ ಸಿಗ್ನಲ್‌ಗೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಲಾಸ್ ಏಂಜಲೀಸ್ ಪಕ್ಕದ ವಾಲ್‌ನಟ್ ಎಂಬ ಊರಿನಲ್ಲಿ ಕೊರಿಯಾದ ಒಬ್ಬ ಅಂಕಲ್ ಮನೆಯಲ್ಲಿ ಬಾಡಿಗೆಗಿದ್ದೆ. ಒಂದು ಕಾಲಕ್ಕೆ ಸಿಯೋಲ್‌ನಿಂದ ಬುಸಾನ್‌ಗೆ ಬಸ್ ಓಡಿಸುತ್ತಿದ್ದವರು. ಈಗ ಕಣ್ಣು ಮಂಜಾಗಿ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ತರಗತಿಗಾಗಿ ಹೊರದೇಶದ ಒಂದು ಹೆದ್ದಾರಿಯ ಬಗ್ಗೆ ಬರೆಯಬೇಕಾಗಿ ಬಂದಾಗ ಅವರು ಬಸ್ ಓಡಿಸಿದ ಗ್ಯೊಂಗ್ಬು ಎಕ್ಸ್‌ಪ್ರೆಸ್‌ವೇಯನ್ನೇ ಆರಿಸಿಕೊಂಡೆ. ಊಟದ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು: ದೇಶದ ಉದ್ದಕ್ಕೂ ಓರೆಯಾಗಿ ಇಳಿಯುವ ರಸ್ತೆ. ಅವರ ಕಾಲದಲ್ಲಿ ಹತ್ತುವಾಗ ಚೀಟಿ, ಇಳಿಯುವಾಗ ಟೋಲ್. ಸಿಯೋಲ್ ಹತ್ತಿರ ನೀಲಿ ಗೆರೆಯ ಲೇನ್, ಬಸ್ಸುಗಳಿಗೇ ಮೀಸಲು. ದಾರಿಯುದ್ದಕ್ಕೂ ಊಟ ಸಿಗುವ ದೊಡ್ಡ ತಂಗುದಾಣಗಳು. ಎಲ್ಲವನ್ನೂ ಬರೆದುಕೊಂಡೆ. ಇನ್ನೊಬ್ಬರ ರಸ್ತೆಯ ಬಗ್ಗೆ ಬರೆಯುವುದು ಸುಲಭವಿತ್ತು.

ಒಂದು ಬೆಳಿಗ್ಗೆ ಅವರ ಮಗಳ ಪಕ್ಕದ ಮನೆಯಾಕೆ ಸ್ಯಾನ್ ಡಿಯಾಗೊದಿಂದ ಫೋನ್ ಮಾಡಿದರು. ಮಗಳಿಗೆ ದಿನ ತುಂಬುವ ಮೊದಲೇ ನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ, ಅಳಿಯ ಊರಲ್ಲಿಲ್ಲ, ಮೂರು ವರ್ಷದ ಮೊಮ್ಮಗಳು ತಮ್ಮಲ್ಲಿದ್ದಾಳೆ, ತಾವು ಮಧ್ಯಾಹ್ನ ಕೆಲಸಕ್ಕೆ ಹೋಗಬೇಕು ಎಂದರು. ಅಂಕಲ್ ಆಗಲೇ ಶೂ ಹಾಕಿಕೊಳ್ಳುತ್ತಿದ್ದರು.

"ನಿನ್ನ ಕಾರು ಇದೆಯಲ್ಲ?"

ಇಲ್ಲ ಎನ್ನಲಾಗದೆ ಕೀ ತೆಗೆದುಕೊಂಡೆ. ಮಧ್ಯಾಹ್ನದೊಳಗೆ ಮುಟ್ಟಲು ಫ್ರೀವೇ ಬಿಟ್ಟು ಬೇರೆ ದಾರಿಯಿರಲಿಲ್ಲ.

ಕೊರೋನಾ ದಾಟುವವರೆಗೆ ಹೇಗೋ ಹೋದೆ. ಕೋವಿಡ್ ಅಲ್ಲ, ಅದು ಊರಿನ ಹೆಸರು. ಆಮೇಲೆ ಎರಡು ಟ್ರಕ್ಕುಗಳ ನಡುವೆ ಸಿಕ್ಕಿಕೊಂಡೆ. ಮೊದಲು ಸಿಕ್ಕ ಎಕ್ಸಿಟ್‌ನಲ್ಲಿ ಇಳಿದು ಪೆಟ್ರೋಲ್ ಬಂಕ್ ಪಕ್ಕ ನಿಲ್ಲಿಸಿದೆ.

"ನನ್ನ ಕೈಲಾಗಲ್ಲ ಅಂಕಲ್. ಇವತ್ತಿಗೆ ಮೊದಲು ಫ್ರೀವೇಯಲ್ಲಿ ಯಾವತ್ತೂ ಓಡಿಸಿಲ್ಲ. ಟ್ಯಾಕ್ಸಿ ಕರೀತೀನಿ."

ಅವರು ಇಳಿದು ಕಾರಿನ ಸುತ್ತ ಓಡಾಡಿದರು. ಮಗಳಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ವಾಪಸ್ ಬಂದು ಕೂತು, ಮುಂದೆಯೇ ನೋಡುತ್ತಾ ಹೇಳಿದರು:

"ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಅಪಘಾತ ನೋಡಿದೆ. ಮುಂದಿನ ತಂಗುದಾಣದಲ್ಲಿ ಬಸ್ ನಿಲ್ಲಿಸಿ, ಇಂಜಿನ್ ಕೆಟ್ಟಿದೆ ಅಂತ ಪ್ರಯಾಣಿಕರಿಗೆ ಸುಳ್ಳು ಹೇಳಿದೆ. ಹೆದರಿ ಮುಕ್ಕಾಲು ಗಂಟೆ ಶೌಚಾಲಯದಲ್ಲಿ ಕೂತಿದ್ದೆ. ಹೆಂಡತಿಗೂ ಹೇಳಿಲ್ಲ." ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾ, "ಟ್ಯಾಕ್ಸಿ ಬೇಕಾದರೆ ಕರಿ. ನಿನ್ನ ಇಷ್ಟ."

ಫೋನ್ ಕೈಯಲ್ಲೇ ಇತ್ತು. ಏನನ್ನಿಸಿತೋ, ಬ್ಯಾಗಿಗೆ ಹಾಕಿ ಕಾರು ಸ್ಟಾರ್ಟ್ ಮಾಡಿದೆ. ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ: "ಮುಂದಿನ ಕಾರನ್ನಲ್ಲ, ದೂರ ನೋಡು."

ಮಗಳ ಮನೆಯಿರುವ ಸ್ಯಾನ್ ಡಿಯಾಗೊದ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸ್ ಮುಟ್ಟುವಷ್ಟರಲ್ಲಿ ನನ್ನ ಕುರ್ತಾ ಬೆನ್ನಿಗೆ ಅಂಟಿತ್ತು. ಮೊಮ್ಮಗಳು ತಾತನ ಕಾಲಿಗೆ ಜೋತುಬಿದ್ದಳು. ಸಂಜೆಯ ಹೊತ್ತಿಗೆ ಮಗಳೇ ವಿಡಿಯೋ ಕಾಲ್ ಮಾಡಿದಳು: ಗಂಡುಮಗು, ಸಣ್ಣದು, ಆದರೆ ಚೆನ್ನಾಗಿದೆ. ಅಂಕಲ್ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಲೇ ಇದ್ದರು.

ಅವರು ಅಲ್ಲೇ ಉಳಿದರು. ಮರುದಿನ ನಾನೊಬ್ಬಳೇ ವಾಪಸ್ ಹೊರಟೆ. ಭಯ ಹೋಗಿರಲಿಲ್ಲ, ಮೂರು ಕಡೆ ಫ್ರೀವೇಯಿಂದ ಇಳಿದು ನಿಲ್ಲಿಸಿದೆ, ಮೂರು ಸಲವೂ ಮತ್ತೆ ಹತ್ತಿದೆ.