ರಂಗಯ್ಯನ ಕೈಗುಣ

"ತಾತ, ಹವಾಮಾನ ಬದಲಾವಣೆ ಬಗ್ಗೆ ನಿಮಗೆಷ್ಟು ಚಿಂತೆ? ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ?"

ಕೇಳಿದವಳು ನನ್ನ ಅಕ್ಕನ ಮಗಳು ಕಾವ್ಯ. ಕಾಲೇಜಿನ ಸರ್ವೆ. ಇದೇ ಪ್ರಶ್ನೆಯನ್ನು ಹತ್ತಾರು ದೇಶಗಳಲ್ಲಿ ಕೇಳುತ್ತಿದ್ದಾರಂತೆ. ತುರುವೇಕೆರೆ ಸೀಮೆಯ ಉತ್ತರ ಸಿಗಲಿ ಅಂತ ಕಳೆದ ಭಾನುವಾರ ನಾನೇ ಅವಳನ್ನು ಊರಿಗೆ, ಚಿಕ್ಕಪ್ಪನ ಮನೆಗೆ ಕರೆದೊಯ್ದಿದ್ದೆ.

"ಇಲ್ವೇ ಇಲ್ಲ ಅಂತ ಬರ್ಕೊ. ಅದೆಲ್ಲ ಟೀವಿಯೋರ ಮಾತು ಬುಡು" ಎಂದರು ಚಿಕ್ಕಪ್ಪ.

ಕಾವ್ಯ ಮೊಬೈಲಿನಲ್ಲಿ ಟಿಕ್ ಒತ್ತಿದಳು.

ಆಚೆ ಅಂಗಳದಲ್ಲಿ ಕೊಬ್ಬರಿ ಕೆಲಸ ನಡೆದಿತ್ತು. ಒಣಗಿ ಕೊಬ್ಬರಿಯಾಗಲೆಂದು ವರ್ಷದ ಹಿಂದೆ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ. ಸುಲಿದು ಒಡೆದರೆ ಒಂದರ ಹಿಂದೊಂದು ಕೊಳೆತವು. ಅಯ್ಯೋ, ಆ ನಾತ! ಚಿಕ್ಕಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಅತ್ತರು.

"ಮೂರು ವರ್ಷದಿಂದ ಹಿಂಗೇ ಕಣವ್ವ" ಎಂದರು ಚಿಕ್ಕಪ್ಪ. "ಬೇಕಾದಾಗ ಮಳೆ ಇಲ್ಲ, ಬ್ಯಾಡ ಅಂದಾಗ ಹುಯ್ತದೆ. ಬ್ಯಾಸಿಗೇಲಿ ಅಟ್ಟದ ಮ್ಯಾಲೆ ನಿಲ್ಲಕ್ಕಾಗಲ್ಲ, ಅಷ್ಟು ಕಾವು."

"ಹಾಗಾದ್ರೆ ಚಿಂತೆ ಇದೆ ಅನ್ನಿ!"

"ಅದಕ್ಕೂ ಇದಕ್ಕೂ ಏನವ್ವ ಸಂಬಂಧ? ರಂಗಯ್ಯನ ಕೈಗುಣ ಕೆಟ್ಟೈತೆ. ಅವನ ಹೆಂಡ್ತಿ ಸತ್ತ ವರ್ಷದಿಂದ್ಲೇ ಶುರುವಾಗಿದ್ದು."

ನಮ್ಮೂರಲ್ಲಿ ಅಟ್ಟಕ್ಕೆ ಮೊದಲ ಕಾಯಿ ಇಡುವ ಕೈ ಚೆನ್ನಾಗಿರಬೇಕು. ಮೂವತ್ತು ವರ್ಷ ಆ ಕೈ ರಂಗಯ್ಯನದು. ಅಟ್ಟ ತುಂಬುವುದೇ ಅವನ ಬದುಕು. ಈ ವರ್ಷದಿಂದ ಅವನನ್ನು ಯಾರೂ ಕರೆಯುತ್ತಿಲ್ಲ.

ವಾಪಸು ಬರುವಾಗ ರಂಗಯ್ಯ ತನ್ನ ಮನೆ ಜಗಲಿ ಮೇಲೆ ಕೂತಿದ್ದ. ಕಾವ್ಯ ಅವನನ್ನೂ ಕೇಳಿದಳು.

"ತುಂಬಾ ಚಿಂತೆ ಕಣವ್ವ" ಎಂದು ಎರಡೂ ಅಂಗೈ ಚಾಚಿದ. "ಇವಕ್ಕೆ ಏನಾಯ್ತೋ ಗೊತ್ತಾಯ್ತಿಲ್ಲ."

"ತಪ್ಪು ನಿಮ್ಮ ಕೈದಲ್ಲ ತಾತ, ಬಿಸಿಲು-ಮಳೇದು."

"ಬಿಸಿಲು-ಮಳೆ ಎಲ್ರಿಗೂ ಬಂತು. ಕೆಲ್ಸ ಹೋಗಿದ್ದು ನನಗೊಬ್ಬನಿಗೇ ಅಲ್ವೇನವ್ವ?"

ಕಾವ್ಯ "ತುಂಬಾ" ಎಂಬುದಕ್ಕೆ ಟಿಕ್ ಒತ್ತಿದಳು.

ಜನರ ಚಿಂತೆಯನ್ನು ರೂಪಿಸುವುದು ಯಾವುದು? ಒಂದು ದೇಶದಲ್ಲಿ ಶಾಲೆಯ ಪಾಠ. ಇನ್ನೊಂದರಲ್ಲಿ ಹೊಸ್ತಿಲಿಗೆ ಬಂದ ಸಮುದ್ರ. ಮತ್ತೊಂದರಲ್ಲಿ ತಮ್ಮ ಪಕ್ಷದ ನಾಯಕ ಹೆದರು ಎಂದರೆ ಹೆದರಿಕೆ, ಬೇಡ ಎಂದರೆ ಇಲ್ಲ. ನಮ್ಮಲ್ಲೂ ಚಿಂತೆಗೇನೂ ಬರವಿಲ್ಲ ಕಣ್ರೀ. ಆದರೆ ಆಕಾಶವನ್ನು ಬೈದು ಏನು ಸಿಗುತ್ತದೆ? ಬೈಯಲು ಪಕ್ಕದ ಬೀದಿಯಲ್ಲೇ ಒಬ್ಬ ಸಿಕ್ಕಿದರೆ ಎದೆ ಹಗುರಾಗುತ್ತದೆ, ನಿದ್ದೆ ಬರುತ್ತದೆ. ಆಮೇಲೆ ಸರ್ವೆಯವರು ಬಂದರೆ "ಚಿಂತೆ ಇಲ್ಲ" ಎನ್ನುತ್ತೇವೆ. ಥೂ, ನಾಚಿಕೆಯಾಗಬೇಕು ನಮಗೆ.

ಇಷ್ಟೆಲ್ಲ ಬರೆಯುವ ನಾನೂ ಮೊನ್ನೆ ಮತ್ತೆ ಊರಿಗೆ ಹೋಗಿ ಅಲ್ಲಿನ ನಮ್ಮನೆ ಅಟ್ಟ ತುಂಬಿಸಿದೆ.

ಮೊದಲ ಕಾಯಿ ಇಡಲು ರಂಗಯ್ಯನನ್ನು ಕರೆಯುವ ಧೈರ್ಯ ನನಗೂ ಬರಲಿಲ್ಲ.