ನನ್ನ ತಂಗಿಗೆ ಸ್ವಾಮಿ ತೋರಿಸಿದ ಜೀವಂತ ಮೀನು

ನನ್ನ ತಂಗಿಯ ಎಡಗಣ್ಣು ಹೋದದ್ದು ನನ್ನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣ ಎಂದು ಇಟ್ಟುಕೊಂಡರೆ ನನಗೆ ಧೈರ್ಯ ಸಾಲುವುದಿಲ್ಲ. ಅಯ್ಯಪ್ಪ ಸ್ವಾಮಿಯ ಮಾಲೆ ಹಾಕುವ ಬಂಧುಗಳು ಇದನ್ನು ಓದಿ ನನ್ನನ್ನು ಬೈದರೂ ಸರಿಯೇ. ಬೈದ ಮೇಲೆ ಮುಂದಿನದನ್ನೂ ಓದಿ.

ನಾವು ಮಲಯಾಳ ಸೀಮೆಯ ಬೆಟ್ಟದ ಮೇಲಿನ ಕೇಣಿಚಿರದ ಹತ್ತಿರದವರು. ಅಜ್ಜನ ಕಾಲದಲ್ಲಿ ಕನ್ನಡ ಸೀಮೆಯ ಕೋಟೆ ಕಡೆಯಿಂದ ಗಡಿ ದಾಟಿ ಬಂದ ಮನೆತನ. ನಾನು ಕಾಫಿ ಒಣಗಿಸುವ ಕಣದಲ್ಲಿ ಕೆಲಸ ಮಾಡುತ್ತೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ಮಲಯಾಳದಲ್ಲಿ, ಕನ್ನಡ ಅಕ್ಷರ ಕಲಿಸಿದವರು ಅಪ್ಪ. ತಪ್ಪಿದ್ದರೆ ತಿದ್ದಿಕೊಂಡು ಓದಿ. ನನಗೆ ಮದುವೆಯಾಗಿಲ್ಲ. ತಂಗಿ ಮಾದೇವಿ ಗಂಡ ತೀರಿಕೊಂಡ ಮೇಲೆ ನಮ್ಮ ಅಂಗಳದ ಆಚೆ ಬದಿಯ ಮನೆಯಲ್ಲಿದ್ದಾಳೆ, ಅವಳಿಗೂ ಮಕ್ಕಳಿಲ್ಲ. ಹದಿನಾರು ವರ್ಷದಿಂದ ಅವಳು ಮೀನು ಮಾರುತ್ತಾಳೆ. ಬೆಳಿಗ್ಗೆ ಜಂಕ್ಷನ್ನಿಗೆ ಬರುವ ಮೀನಿನ ಗಾಡಿಯಿಂದ ಮತ್ತಿ, ಅಯಲೆ ಇಳಿಸಿಕೊಂಡು, ಅಲ್ಯೂಮಿನಿಯಂ ಪಾತ್ರೆಯಲ್ಲಿ ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾಳೆ. ಮತ್ತಿ ಎಂದರೆ ಮಂಗಳೂರಿನವರು ಬೂತಾಯಿ ಎನ್ನುವ ಮೀನು, ಅಯಲೆ ಎಂದರೆ ಬಂಗುಡೆ. ಅವಳು ಮೀನು ಮಾರಿಯೇ ಅಮ್ಮನನ್ನು ಕೊನೆಯವರೆಗೂ ಸಾಕಿದಳು. ನಾನೂ ಆ ಅನ್ನ ಉಂಡಿದ್ದೇನೆ.

ಎರಡು ವರ್ಷದ ಹಿಂದೆ ವೃಶ್ಚಿಕ ಮಾಸದ ಮೊದಲ ದಿನ ನಾನು ಮಾಲೆ ಹಾಕಿದೆ. ವ್ರತದ ಮನೆಗೆ ಮೀನು ಬರಬಾರದು ಎಂದು ನಿಮಗೆಲ್ಲ ಗೊತ್ತು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಅಂಗಳದ ನಡುವೆ ತೆಂಗಿನ ಹಗ್ಗ ಕಟ್ಟಿ, ನಲವತ್ತೊಂದು ದಿನದ ಮಂಡಲ ಮುಗಿಯುವವರೆಗೆ ಈಚೆ ಬರಬೇಡ ಎಂದು ತಂಗಿಗೆ ಹೇಳಿದೆ. ಅವಳು ಹಗ್ಗದ ಆಚೆಯಿಂದಲೇ ನನ್ನ ತುಳಸಿಗೆ ನೀರು ಎರಚುತ್ತಿದ್ದಳು.

ಒಂದು ವಾರವಾಗಿರಬೇಕು. ಹಗ್ಗದ ಹತ್ತಿರ ನಿಂತು ಕರೆದಳು.

"ಅಣ್ಣಾ, ಎಡಗಣ್ಣಲ್ಲಿ ಕಪ್ಪು ನೂಲು ನೂಲಾಗಿ ಇಳೀತಾ ಅದೆ. ಮಾನಂದವಾಡಿ ಡಾಕ್ಟ್ರು ಈ ವಾರವೇ ಕೋಯಿಕ್ಕೋಡಿನ ದೊಡ್ಡಾಸ್ಪತ್ರೆಗೆ ಹೋಗು ಅಂದ್ರು. ಸಕ್ಕರೆ ಕಾಯಿಲೆಯಿಂದ ಆಗಿದ್ದಂತೆ. ಕಣ್ಣಿಗೆ ಮದ್ದು ಹಾಕಿದ್ರೆ ಏನೂ ಕಾಣಲ್ವಂತೆ, ಕೂಡೆ ಯಾರಾದ್ರೂ ಬೇಕಂತೆ."

ಅಂದು ಸಂಜೆ ಭಜನೆಯಲ್ಲಿ ನಮ್ಮ ಗುರುಸ್ವಾಮಿಯನ್ನು ಕೇಳಿದೆ. ಅವರು ಅರ್ಧ ನಿಮಿಷವೂ ಯೋಚಿಸಲಿಲ್ಲ. "ಹೋಗಿ ಸ್ವಾಮಿ. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಕೆಡೋ ವ್ರತ ಯಾವುದೂ ಇಲ್ಲ" ಎಂದರು.

ನಾನು ಮನೆಗೆ ಬಂದು ತಂಗಿಗೆ ಹೇಳಿದೆ: "ಗುರುಸ್ವಾಮಿ ಬೇಡ ಅಂದ್ರು. ಮಲೆಗೆ ಹೋಗಿ ಬಂದ ಮೇಲೆ ಹೋಗೋಣ."

ಯಾಕೆ ಸುಳ್ಳು ಹೇಳಿದೆ? ವ್ರತದ ಭಯ ಅಲ್ಲವೇ ಅಲ್ಲ. ಆ ವರ್ಷ ಶರಣು ಕೂಗಿ ಕೊಡುವ ಕೆಲಸ ನನಗೆ ಸಿಕ್ಕಿತ್ತು. ನಾನು ಮುಂದೆ ಕೂತು ಕೂಗಿದರೆ ಮೂವತ್ತು ಜನ ಹಿಂದೆ ಕೂಗುತ್ತಿದ್ದರು. ಜೀವನದಲ್ಲಿ ನನ್ನ ಮಾತನ್ನು ಮೂವತ್ತು ಜನ ತಿರುಗಿ ಹೇಳಿದ್ದು ಅದೇ ಮೊದಲು. ಅದಕ್ಕೂ ಹಿಂದಿನ ವರ್ಷ ಯಾರೋ ಒಬ್ಬರು "ಮೀನಮ್ಮನ ಅಣ್ಣ ಸ್ವಾಮಿ ಬಂದ್ರು, ಮೀನು ನಾತ ಇತ್ತ ಬರದ ಹಾಗೆ ಕೂರ್ಸಿ" ಎಂದು ನಕ್ಕಿದ್ದರು. ಕಪ್ಪು ಬಟ್ಟೆ ಉಟ್ಟು ಅವಳ ಕೈ ಹಿಡಿದು ಕೇಣಿಚಿರದಲ್ಲಿ ಬಸ್ಸು ಹತ್ತಿದರೆ ಆ ನಗು ಮತ್ತೆ ಏಳುತ್ತದೆ ಎಂದು ನಾಚಿದೆ. ಇಷ್ಟೇ ಕಾರಣ.

ಮಲೆಯಿಂದ ಬಂದು ಅವಳನ್ನು ಕರೆದುಕೊಂಡು ಚುರಂ, ಅಂದರೆ ಘಾಟಿ ರಸ್ತೆ, ಇಳಿದೆ. ಆಸ್ಪತ್ರೆಯ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿದರು. ಒಳಗೆ ರಕ್ತ ಇಳಿದು, ಕಣ್ಣಿನ ಪರದೆ ಕಳಚಿ ಹೋಗಿತ್ತು. "ಒಂದು ತಿಂಗಳು ಮುಂಚೆ ತರಬೇಕಿತ್ತು" ಎಂದರು. ಬಲಗಣ್ಣಲ್ಲೂ ಕಾಯಿಲೆ ಶುರುವಾಗಿದೆ, ಇಂಜೆಕ್ಷನ್ ಕೊಡುತ್ತಾ ತಡೆಯಬಹುದು, ಎಷ್ಟು ದಿನ ಎಂದು ಹೇಳಲಾಗುವುದಿಲ್ಲ ಎಂದೂ ಹೇಳಿದರು. ತಂಗಿ ಅಳಲಿಲ್ಲ. ಹೊರಗೆ ಬಂದು, "ದೇವರ ಕೆಲಸ ಅಲ್ವಾ ಅಣ್ಣಾ, ನೀನೇನು ಮಾಡಕ್ಕಾಗ್ತಿತ್ತು" ಎಂದಳು. ಆ ಮಾತು ಕೇಳಿದ ದಿನದಿಂದ ನನಗೆ ಶರಣು ಕೂಗಲು ಬಾಯಿ ಏಳಲಿಲ್ಲ.

ಈ ವರ್ಷ ಮಳೆಗಾಲದಲ್ಲಿ ಬಲಗಣ್ಣೂ ಮಂಜಾಯಿತು. ಮೀನು ಹೆಚ್ಚುವಾಗ ಎರಡು ಸಲ ಬೆರಳು ಕುಯ್ದುಕೊಂಡಳು. ಆಸ್ಪತ್ರೆಯ ಸಾಲಿನಲ್ಲಿ ಕೂತಿದ್ದಾಗ ಪಕ್ಕದ ಒಬ್ಬಾಕೆ, ತಮ್ಮ ಬಂದರಿನ ಮೀನುಗಾರರು ಮಳೆ ಬಿಟ್ಟ ಮೇಲೆ ಜನರನ್ನು ಬೋಟಿನಲ್ಲಿ ಕರೆದುಕೊಂಡು ಹೋಗಿ ಮತ್ತಿಯ ಹಿಂಡು ದಡದ ಕಡೆ ಬರುವುದನ್ನು ತೋರಿಸುತ್ತಾರೆ ಎಂದಳು. ತಂಗಿ ಪೂರ್ತಿ ಅವಳ ಕಡೆಗೇ ತಿರುಗಿ ಕೂತಳು.

ಬಸ್ಸಿನಲ್ಲಿ ಹೇಳಿದಳು: "ಅಣ್ಣಾ, ಹದಿನಾರು ವರ್ಷ ನಾನು ಸತ್ತ ಮೀನೇ ನೋಡಿದ್ದು. ಐಸಲ್ಲಿ ಬಿದ್ದಿರೋದು. ಈ ಕಣ್ಣು ಹೋಗೋಕ್ಕೆ ಮುಂಚೆ ಒಂದ್ಸಲ ಜೀವ ಇರೋ ಮತ್ತಿ ನೋಡ್ಬೇಕು."

ಹುಟ್ಟಿದಂದಿನಿಂದ ಅವಳು ನನ್ನನ್ನು ಕೇಳಿದ್ದು ಎರಡೇ ಸಲ. ಒಂದು ಸಲ ಕೇಳಿದ್ದನ್ನು ನಾನು ಮಾಡಿದ ಪರಿ ಮೇಲೆ ಬರೆದಿದ್ದೇನೆ.

ಡಾಕ್ಟರಮ್ಮನನ್ನು ಕೇಳಿದೆ, ಸುಮ್ಮನೆ ಕೂತು ಬರುವುದಾದರೆ ಹೋಗಬಹುದು ಎಂದರು. ಮಳೆ ಬಿಟ್ಟು, ಕನ್ಯಾ ಮಾಸದಲ್ಲಿ ಮೊದಲ ಸಲ ಹೋದೆವು. ಮೊದಲ ಬಸ್ಸಿಗೆ ಹೊರಟು ಆಕೆ ಹೇಳಿದ ಬಂದರನ್ನು ಮುಟ್ಟಿದರೆ ಕೆಂಪು ಬಾವುಟ ಹಾರಿಸಿದ್ದರು. ಗಾಳಿ ಇದೆ, ಬೋಟು ಬಿಡುವುದಿಲ್ಲ. ಕಡಲಿನ ಸದ್ದು ಕೇಳಿಕೊಂಡು, ಚಹಾ ಕುಡಿದು, ತಿರುಗಿ ಬಂದೆವು. ಎರಡನೇ ಸಲ ಬೋಟು ಹೊರಟಿತು. ಮೂರು ಗಂಟೆ ತಿರುಗಿದರೂ ಒಂದು ಬಾಲವೂ ಕಾಣಲಿಲ್ಲ. ನಾನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಡಲಿಗೆ ಕೊಟ್ಟೆ. ತಂಗಿ ನನ್ನ ಬೆನ್ನು ತಟ್ಟುತ್ತಾ, "ನಿನ್ನ ತಿಂಡಿಗಾದ್ರೂ ಮೀನು ಬರಬಹುದು ನೋಡು" ಎಂದಳು. ನನಗೆ ನಗು ಬರಲಿಲ್ಲ. ಎಲ್ಲದರ ಮೇಲೂ ಸಿಟ್ಟು: ಕಡಲಿನ ಮೇಲೆ, ಬೋಟಿನವರ ಮೇಲೆ, ಸ್ವಾಮಿಯ ಮೇಲೆ.

ಮನೆಗೆ ಬಂದು ಸ್ವಾಮಿಯ ಫೋಟೋದ ಮುಂದೆ ನಿಂತು ಕೇಳಿಯೇಬಿಟ್ಟೆ. "ಸುಳ್ಳು ಹೇಳಿದವನು ನಾನು. ನಿನ್ನ ವ್ರತದ ಹೆಸರಿನಲ್ಲಿ ಹೇಳಿದೆ. ಶಿಕ್ಷೆ ಅವಳಿಗೆ ಯಾಕೆ? ಹೋದ ಕಣ್ಣನ್ನು ತಿರುಗಿ ಕೊಡು ಎಂದು ಕೇಳುವುದಿಲ್ಲ. ಒಂದು ಮೀನು ತೋರಿಸು, ಸಾಕು." ಬೇಡಿದ್ದಕ್ಕಿಂತ ಜಗಳವೇ ಹೆಚ್ಚಾಗಿತ್ತು. ದೀಪ ಹಚ್ಚುವುದನ್ನೂ ಮರೆತಿದ್ದೆ.

ತುಲಾ ಮಾಸ ಬಂತು. ಮುಂದಿನ ಇಂಜೆಕ್ಷನ್ನಿಗೆ ನಾಲ್ಕು ದಿನ ಇರುವಾಗ ಒಂದು ಭಾನುವಾರ ಮೂರನೇ ಸಲ ಹೋದೆವು. ಹದಿಮೂರು ಜನರಿದ್ದೆವು, ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು. ಕರೆದುಕೊಂಡು ಹೋಗುವವನು ಕೋಯಾ ಎಂಬ ವಯಸ್ಸಾದ ಮೀನುಗಾರ. ಬೋಟು ನಡೆಸುವವನೂ ಅವನೇ, ವಿವರಿಸುವವನೂ ಅವನೇ. ಅವನು ಮಾತಾಡಿದ್ದು ಮಲಯಾಳದಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ; ಚೇಟ್ಟ ಎಂದರೆ ಅಣ್ಣ, ಚೇಚಿ ಎಂದರೆ ಅಕ್ಕ. ಮೋಡದ ನೆರಳಿನಂತೆ ನೀರು ಕಪ್ಪಾಗಿದ್ದರೆ ನೋಡಿ, ಹಕ್ಕಿ ಮುಳುಗುವ ಕಡೆ ನೋಡಿ ಎಂದು ಕೈ ತೋರಿಸುತ್ತಿದ್ದ. ಎಲ್ಲರೂ ನೋಡಿದರು. ತಂಗಿಗೆ ಹಕ್ಕಿಯೂ ಕಾಣಲಿಲ್ಲ, ನೆರಳೂ ಕಾಣಲಿಲ್ಲ. ಹಲಗೆ ಹಿಡಿದುಕೊಂಡು, ಅವನು ಹೇಳಿದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದಳು.

ಎರಡು ಗಂಟೆ ಹೋಯಿತು. ಬಿಸಿಲು ಏರಿತು. ಕೋಯಾ ಗಡಿಯಾರ ನೋಡಿ ಬೋಟನ್ನು ದಡದ ಕಡೆಗೆ ತಿರುಗಿಸಿದ. ನಾನು ಎದ್ದು ನಿಂತೆ.

"ಇಷ್ಟಕ್ಕೇ ತಿರುಗಿಸಿದ್ರಾ? ಮೂರನೇ ಸಲ ಬರ್ತಿರೋದು ನಾವು!"

"ಕೂತ್ಕೊಳ್ಳಿ ಚೇಟ್ಟಾ. ಕರೆದಾಗ ಬರೋಕೆ ಮತ್ತಿ ನನ್ನ ಅಳಿಯನಾ?"

"ಬರಲ್ಲ ಅಂದ್ಮೇಲೆ ತೋರಿಸ್ತೀವಿ ಅಂತ ಬೋರ್ಡು ಯಾಕೆ ಹಾಕಿದ್ರಿ? ಇವಳಿಗೆ ಇನ್ನೊಂದು ಸಲ ಬರೋಕೆ ಕಣ್ಣಿರಲ್ಲ!"

ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಅರ್ಧವೇ ಕೇಳಿರಬೇಕು. ನಾನು ಇನ್ನೂ ಜೋರಾಗಿ ಕೂಗಿದೆ. ಏನು ಕೂಗಿದೆ ಎಂದು ಇಲ್ಲಿ ಬರೆಯುವಂತಿಲ್ಲ. ಪಕ್ಕದಲ್ಲಿದ್ದವರು ನನ್ನ ಜಾಕೆಟ್ಟು ಹಿಡಿದು ಎಳೆದರು. ಕೊನೆಗೆ ಕೋಯಾ ಕೈ ಚಾಚಿ ಎಂಜಿನ್ ಆರಿಸಿದ.

"ಈಗ ಹೇಳಿ. ಪೂರ್ತಿ ಕೇಳ್ತೀನಿ" ಎಂದ.

ಒಮ್ಮೆಲೇ ಎಲ್ಲ ನಿಶ್ಶಬ್ದವಾಯಿತು. ಬೋಟಿನ ಪಕ್ಕಕ್ಕೆ ನೀರು ಬಡಿಯುವುದು ಬಿಟ್ಟರೆ ಏನೂ ಇಲ್ಲ.

ತಂಗಿ ಕೈಯೆತ್ತಿದಳು. "ಅಣ್ಣಾ, ಸುಮ್ನಿರು. ಮಳೆ."

ಆಕಾಶದಲ್ಲಿ ಅಂಗೈಯಷ್ಟು ಮೋಡವೂ ಇರಲಿಲ್ಲ. ಆದರೆ ಕಿವಿಗೊಟ್ಟರೆ ನನಗೂ ಕೇಳಿತು, ಕೆಸುವಿನ ಎಲೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಕೋಯಾ ಕಡಲನ್ನು ನೋಡಲಿಲ್ಲ, ಮೊದಲು ನನ್ನ ತಂಗಿಯನ್ನು ನೋಡಿದ. "ಯಾವ ಕಡೆ ಚೇಚಿ?" ಎಂದು ಪಿಸುಗುಟ್ಟಿದ. ಅವಳು ಬಲಗಡೆ ಹಿಂದಕ್ಕೆ ಬೆರಳು ತೋರಿಸಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ನಾವು ಯಾರೂ ನೋಡದೆ ಬಿಟ್ಟಿದ್ದ ಕಡೆ ಅದು. ಅಲ್ಲಿ ನೀರಿನ ಮೈ ನಡುಗುತ್ತಿತ್ತು.

"ಯಾರೂ ಅಲ್ಲಾಡಬೇಡಿ. ಅವೇ ಬರ್ತಾವೆ" ಎಂದ ಕೋಯಾ.

ಬಂದವು. ಎಷ್ಟು ಎಂದು ಹೇಳಲು ನನಗೆ ಲೆಕ್ಕ ಬರುವುದಿಲ್ಲ. ನೀರಿನ ಕೆಳಗೆ ಒಂದು ರಸ್ತೆಯೇ ಎದ್ದು ನಡೆದು ಬಂದ ಹಾಗೆ. ಒಂದು ತಿರುಗಿದರೆ ಎಲ್ಲ ತಿರುಗುತ್ತಿದ್ದವು, ತಿರುಗುವಾಗ ಇಡೀ ಕಡಲು ಒಮ್ಮೆ ಬೆಳ್ಳಗಾಗಿ ಮತ್ತೆ ಕಪ್ಪಾಗುತ್ತಿತ್ತು. ನಮ್ಮ ಬೋಟಿನ ಎರಡೂ ಬದಿಯಿಂದ ಹಾದವು. ನಾನು ಹಿಂದಿನಿಂದ ತಂಗಿಯ ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡಿದ್ದೆ. ಅವಳು ಬಗ್ಗಿ ನೀರಿಗೆ ಮುಖ ಹತ್ತಿರ ಇಟ್ಟಳು.

"ಕಾಣ್ತಾ ಇದೆಯಾ ಮಾದೇವಿ?"

"ಹೊಳೀತಾ ಅದೆ. ಹೊಳೆಯೋದು ಮಾತ್ರ ಕಾಣ್ತದೆ. ಮೀನು ಕಾಣಲ್ಲ."

ಇಷ್ಟು ಹತ್ತಿರ ತಂದು ಇಷ್ಟೇನಾ ಎಂದು ನನ್ನೊಳಗೆ ಮತ್ತೆ ಸಿಟ್ಟು ಎದ್ದಿತು. ಆಗ ಕೆಳಗಿನಿಂದ ಯಾವುದೋ ದೊಡ್ಡ ಮೀನು ಅಟ್ಟಿಸಿಕೊಂಡು ಬಂದಿರಬೇಕು, ಒಂದು ಮಡಿಲಷ್ಟು ಮತ್ತಿ ನೀರಿನಿಂದ ಮೇಲೆ ಹಾರಿದವು. ಒಂದು ಬೋಟಿನೊಳಗೆ, ಅವಳ ಕಾಲ ಹತ್ತಿರ ಬಿದ್ದಿತು. ಅವಳು ನೋಡದೆಯೇ ಹಿಡಿದಳು, ಹದಿನಾರು ವರ್ಷದ ಕೈ ಅದು. ಎರಡೂ ಅಂಗೈಯಲ್ಲಿ ನೀರು ಸಮೇತ ಎತ್ತಿ ಬಲಗಣ್ಣಿನ ಹತ್ತಿರ ತಂದಳು, ಮೂಗಿಗೆ ತಾಗುವಷ್ಟು ಹತ್ತಿರ.

"ಅಯ್ಯೋ ಅಣ್ಣಾ, ಇದರ ಬೆನ್ನು ಹಸಿರು! ಕಿವಿ ಹತ್ರ ಚಿನ್ನದ ಬೊಟ್ಟು ಹೆಂಗೆ ಮಿಂಚ್ತದೆ! ನಾನು ಮಾರಿದ್ದೆಲ್ಲ ಬೂದಿ ಬಣ್ಣ. ನೋಡು, ನನ್ನೇ ನೋಡ್ತಾ ಅದೆ."

ಮೀನು ಬಾಲ ಬಡಿಯಿತು. ಅವಳು ಬಗ್ಗಿ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟಳು. ಕೋಯಾ ನಕ್ಕ. "ಚೇಚಿ ಮೀನು ಮಾರೋರು ಅಂತ ಬೋಟು ಹತ್ತೋವಾಗ ಹೇಳಿದ್ರಲ್ಲ, ಬಿಟ್ಟುಬಿಟ್ರಾ?"

"ಇದಕ್ಕೆ ನಾನು ದರ ಹೇಳಕ್ಕಾಗಲ್ಲ" ಎಂದಳು.

ನನ್ನ ಬಂಧುಗಳೇ, ನಾನು ಒಳ್ಳೆಯ ಮನಸ್ಸಿನಿಂದ ಬೇಡಿದಾಗ ಸ್ವಾಮಿ ಕೊಟ್ಟ ಎಂದು ಬರೆಯಲು ನನಗೆ ಆಸೆ. ಹಾಗೆ ಆಗಲಿಲ್ಲ. ನಾನು ಕೆಟ್ಟ ಬಾಯಿಂದ ಕೂಗಿದ್ದಕ್ಕೆ ಎಂಜಿನ್ ನಿಂತಿತು, ಎಂಜಿನ್ ನಿಂತದ್ದಕ್ಕೆ ಅವಳಿಗೆ ಕೇಳಿತು. ನನ್ನಲ್ಲಿ ಆ ಹೊತ್ತು ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಸ್ವಾಮಿ ಅದನ್ನೇ ತೆಗೆದುಕೊಂಡು ಕೆಲಸ ಮಾಡಿಸಿದ. ಕಣ್ಣಿರುವ ನಮಗೆ ಯಾರಿಗೂ ತೋರಿಸದೆ ಮೊದಲು ಅವಳಿಗೆ ತಿಳಿಸಿದ.

ತಿರುಗಿ ಬರುವಾಗ ನಾನು ಸುಳ್ಳನ್ನು ಹೇಳಿಬಿಟ್ಟೆ. ಗುರುಸ್ವಾಮಿ ಹೋಗು ಎಂದಿದ್ದರು, ನಾನೇ ನಾಚಿಕೊಂಡೆ ಎಂದೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಗೊತ್ತು. ಆ ಮಂಡಲ ಮುಗಿದ ಮೇಲೆ ಗುರುಸ್ವಾಮಿ ಹೆಂಡ್ತಿ ಮೀನು ತಗೊಳ್ಳೋವಾಗ ಕೇಳಿದ್ರು, ಹೋಗಿ ಅಂತ ನಮ್ಮವ್ರು ಅವತ್ತೇ ಹೇಳಿದ್ರಲ್ಲ, ನಿಮ್ಮಣ್ಣ ಕರ್ಕೊಂಡು ಹೋದ್ರಾ ಅಂತ."

"ಎರಡು ವರ್ಷ ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ನೀನೇ ಹೇಳ್ತೀಯಾ ಅಂತ ನೋಡ್ತಾ ಇದ್ದೆ. ಕಣ್ಣು ಹೋಗಿದ್ದಕ್ಕಿಂತ ಆ ಹಗ್ಗ ನೋವು ಮಾಡ್ತು ಕಣೋ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಮತ್ತೆ ವೃಶ್ಚಿಕ. ಮಾಲೆ ಹಾಕಿದ್ದೇನೆ. ಅಂಗಳದಲ್ಲಿ ಹಗ್ಗ ಇಲ್ಲ. ಶರಣು ಕೂಗಿ ಕೊಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿದ್ದೇನೆ, ಹಿಂದೆ ಕೂತು ಕೂಗುತ್ತೇನೆ, ಬಾಯಿ ಏಳುತ್ತದೆ. ಕಳೆದ ವಾರ ಇಂಜೆಕ್ಷನ್ ದಿನವಿತ್ತು. ಕಪ್ಪು ಬಟ್ಟೆಯಲ್ಲೇ ಕೇಣಿಚಿರದಲ್ಲಿ ಅವಳ ಕೈ ಹಿಡಿದು ಬಸ್ಸು ಹತ್ತಿದೆ. ಯಾರೋ ನಕ್ಕರು, ಯಾರೋ ಎದ್ದು ಸೀಟು ಬಿಟ್ಟರು. ಬಲಗಣ್ಣು ಈಗ ಹಿಡಿತದಲ್ಲಿದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅದಕ್ಕೂ ಸ್ವಾಮಿಗೆ ಶರಣು, ಅವರ ಕೈಗೂ ಶರಣು.

ಇಂಜೆಕ್ಷನ್ ಆದ ದಿನ ಬಲಗಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಮನೆ ಮುಟ್ಟುವವರೆಗೆ ಅವಳಿಗೆ ಪೂರ್ತಿ ಕತ್ತಲೆ. ಚುರಂ ಹತ್ತುವಾಗ ಅವಳು, "ಈಗ ಎಷ್ಟನೇ ತಿರುವು?" ಎಂದು ಕೇಳಿದಳು. ಐದನೆಯದು ಎಂದೆ. ಲಕ್ಕಿಡಿ, ವೈತಿರಿ, ಕಲ್ಪೆಟ್ಟ, ಬಂದ ಬಂದ ಊರಿನ ಹೆಸರನ್ನೆಲ್ಲ ಅವಳ ಕಿವಿಗೆ ಹೇಳುತ್ತಾ ಬಂದೆ. ಪನಮರಂ ದಾಟಿದ ಮೇಲೆ ಅವಳು ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ನಾನು ಮಾತ್ರ ನಿಲ್ಲಿಸದೆ ಊರಿನ ಹೆಸರು ಹೇಳುತ್ತಲೇ ಇದ್ದೆ.