ನೀರೊಲೆಯ ಹೊಗೆ

ಹೊಗೆಗೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಸಂಜಯನಗರದಲ್ಲಿ ಗ್ಯಾಸಿನ ನೀಲಿ ಉರಿ ನೋಡಿಕೊಂಡು ಬೆಳೆದವಳು ನಾನು. ಮದುವೆಯಾಗಿ ನಗರದಂಚಿನ ಹಳ್ಳಿ ಕೋಗಿಲಿಗೆ ಬಂದ ಮಾರನೆಯ ಬೆಳಿಗ್ಗೆಯೇ ಅತ್ತೆ ಬಚ್ಚಲಿನ ನೀರೊಲೆಗೆ ಉರಿ ಹಾಕಲು ಹೇಳಿದರು. ಊದುಕೊಳವೆಯಲ್ಲಿ ಊದುವ ಬದಲು ನಾನು ಉಸಿರೆಳೆದುಕೊಂಡೆ. ಕಣ್ಣು ಮೂಗೆಲ್ಲ ಸುರಿಸಿಕೊಂಡು ಹೊರಗೆ ಬಂದರೆ, ಹೊಸ ಸೊಸೆ ತವರು ನೆನೆಸಿಕೊಂಡು ಅಳುತ್ತಿದ್ದಾಳೆಂದು ನೆಂಟರೆಲ್ಲ ಸಮಾಧಾನ ಮಾಡಿದರು. ನಾನೂ ಹೌದೆಂದೆ. ಅತ್ತೆ ಮಾತ್ರ ನಂಬಲಿಲ್ಲ. ಅಂದಿನಿಂದ ಒಲೆಯ ಹತ್ತಿರಕ್ಕೆ ನನ್ನನ್ನು ಸೇರಿಸಲಿಲ್ಲ.

ಅಂಥ ನನಗೂ ಈಗ ಆ ಹಂಡೆಯ ನೀರು ನೆನಪಾದರೆ ಸಂಕಟವಾಗುತ್ತದೆ. ಅದಕ್ಕೆ ಸೌದೆಯದೊಂದು ವಾಸನೆಯಿತ್ತು. ತಲೆಗೆ ಎರೆದುಕೊಂಡರೆ ಸಂಜೆಯವರೆಗೂ ಕೂದಲಲ್ಲಿ ಉಳಿಯುತ್ತಿತ್ತು. ಗೀಸರಿನ ನೀರು ಬಿಸಿಯೇನೋ ಹೌದು, ಆದರೆ ಮೈ ಒರೆಸಿಕೊಳ್ಳುವಷ್ಟರಲ್ಲಿ ಮರೆತುಹೋಗುತ್ತದೆ.

ಅತ್ತೆಗೆ ಆ ಹೊಗೆಯಿಂದ ಇನ್ನೊಂದು ಉಪಯೋಗವಿತ್ತು. ಮೇಲಿನ ಬೀದಿಯ ಮುನಿಯಕ್ಕ, ನಮ್ಮತ್ತೆ ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದ ಗೆಳತಿಯರು. ಇಬ್ಬರಿಗೂ ಮಂಡಿನೋವು ಹತ್ತಿಕೊಂಡ ಮೇಲೆ ಹೋಗಿಬರುವುದು ನಿಂತಿತು. ಬೆಳಿಗ್ಗೆ ಎದ್ದು ಇವರು ಅವರ ಮನೆಯ ಹೊಗೆ ನೋಡುವುದು, ಅವರು ಇವರ ಮನೆಯದು. “ಒಗೆ ಎದ್ದೈತೆ, ಮುನಿಯಕ್ಕ ಚೆನ್ನಾಗವ್ಳೆ” ಎಂದು ಹೇಳಿಯೇ ಅತ್ತೆ ಕಾಫಿಗೆ ಕೂರುತ್ತಿದ್ದರು. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತರ್ಕಶಾಸ್ತ್ರದ ಪಂಡಿತರು ಸಾಧಿಸಿ ಸುಮ್ಮನಾದರು. ಬೆಂಕಿಯಿದ್ದರೆ ಊದಿದವಳೂ ಇರಬೇಕಲ್ಲ ಎಂದು ಅದನ್ನು ಮುಂದುವರಿಸಿದವರು ನಮ್ಮತ್ತೆ.

ನಿಜ ಹೇಳಬೇಕೆಂದರೆ ಹೊಗೆಯೂ ಮೊದಲಿನದಾಗಿರಲಿಲ್ಲ. ತೋಟವಿದ್ದಾಗ ಹೊಂಗೆ ಸೌದೆ, ತೆಂಗಿನ ಗರಿ. ತೋಟ ಮಾರಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ, ಕಟ್ಟಡದವರು ಬಿಸಾಕಿದ ಬಣ್ಣ ಬಳಿದ ಪ್ಲೈವುಡ್ಡು. ಆ ಅಪಾರ್ಟ್‌ಮೆಂಟಿನಿಂದಲೇ ದೂರು ಹೋಯಿತು. ಪಾಲಿಕೆಯವನೊಬ್ಬ ಬಂದ.

“ಕಂಪ್ಲೇಂಟ್ ಬಂದಿದೆ ಅಜ್ಜಿ. ಹೊಗೆ ರೂಲ್ಸು ಈಗ ತುಂಬಾ ಸ್ಟ್ರಿಕ್ಟು. ಸೌದೆ ಒಲೆ ನಿಲ್ಲಿಸ್ಬೇಕು, ಇಲ್ಲಾಂದ್ರೆ ಫೈನ್ ಹಾಕ್ಬೇಕಾಗುತ್ತೆ. ಪಕ್ಕದ ಬಿಲ್ಡಿಂಗಲ್ಲಿ ಚಿಕ್ಕ ಮಗೂಗೆ ವೀಸಿಂಗ್ ಅಂತೆ.”

ನಾನು ಸೆರಗು ಸಿಕ್ಕಿಸಿಕೊಂಡು ವಾದಕ್ಕೆ ನಿಂತೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು.

“ಮಗೀಗೆ ಉಸ್ರು ಕಟ್ಟುತ್ತಾ?”

“ಹ್ಞೂಂ ಅಜ್ಜಿ.”

“ಅಂಗಾರೆ ಬ್ಯಾಡ ಬಿಡಪ್ಪ.”

ಜಗಳಕ್ಕೆ ತಯಾರಾಗಿ ಬಂದಿದ್ದವನು ನೀರು ಕೇಳಿ ಕುಡಿದು ಹೋದ. ಅತ್ತೆ ಒಲೆಯ ಬೂದಿ ಬಳಿದು ಹಾಕಿದರು. “ನಾಳೆ ಮುನಿಯಕ್ಕ ಏನಂದ್ಕತ್ತಾಳೋ” ಎಂದರು. ಅವರ ಮನೆಯ ಫೋನು ಮಗನ ಜೇಬಿನಲ್ಲಿ, ಮಗ ಡ್ಯೂಟಿಯಲ್ಲಿ. ಬೆಳಿಗ್ಗೆ ತಿಂಡಿಯಾದ ಮೇಲೆ ನಾನೇ ಹೋಗಿ ಹೇಳಿ ಬರುತ್ತೇನೆಂದೆ.

ತಿಂಡಿಯವರೆಗೆ ಕಾಯುವ ಗೆಳೆತನ ಅದಲ್ಲವೆಂದು ನನಗೇನು ಗೊತ್ತು? ಇಡ್ಲಿ ಬೇಯುವ ಮೊದಲೇ ಬೀದಿಯ ತುದಿಯಲ್ಲಿ ಅಳು ಕೇಳಿಸಿತು. ಕೋಲೂರಿಕೊಂಡು, ತಲೆ ಕೆದರಿಕೊಂಡು, ಮೊಮ್ಮಗಳ ಗುಲಾಬಿ ಚಪ್ಪಲಿ ಮೆಟ್ಟಿಕೊಂಡು ಮುನಿಯಕ್ಕ ಬರುತ್ತಿದ್ದರು. ಅತ್ತೆ ಹೊಸಿಲು ದಾಟಿ ಓಡಿದರು.

“ಯಾಕಕ್ಕ? ಏನಾಯ್ತು?”

ಮುನಿಯಕ್ಕ ನಿಂತು ಮಿಕಮಿಕ ನೋಡಿದರು. ಆಮೇಲೆ ಅತ್ತೆಯ ಬೆನ್ನಿಗೊಂದು ಗುದ್ದಿದರು.

“ಒಗೆ ಕಾಣ್ಲಿಲ್ಲ. ಓಗ್ಬುಟ್ಟೆ ಅನ್ಕಂಡೆ ಕಣೇ ನಂಜಮ್ಮ!”

ಇಬ್ಬರೂ ಅತ್ತರು, ನಕ್ಕರು, ಜಗಲಿಯ ಮೇಲೆ ಕೂತರು. ನನ್ನ ಕಣ್ಣಲ್ಲೂ ನೀರು ಬಂತು, ಈ ಸಲ ದೂರಲು ಹೊಗೆಯಿರಲಿಲ್ಲ. ಕಾಫಿ ಕುಡಿಯುತ್ತಾ ಮುನಿಯಕ್ಕ ಮನೆಯ ಮೇಲೆಲ್ಲ ಕಣ್ಣಾಡಿಸಿದರು.

“ಈ ಕಿಟ್ಕಿ ಯಾವಾಗ್ ಇಡ್ಸಿದ್ರೇ?”

“ನಾಕೈದ್ ವರ್ಸಾತಲ್ಲಕ್ಕ.”

ಮುನಿಯಕ್ಕ ಲೋಟ ಕೆಳಗಿಟ್ಟು ಅತ್ತೆಯ ಕೈ ಹಿಡಿದುಕೊಂಡರು.

“ಆ ಒಗೆ ಮನೆ ಆಳಾಗ! ಅದನ್ ನೋಡ್ಕಂಡೇ, ಇಷ್ಟ್ ವರ್ಸ ನಿನ್ನ ನೋಡ್ದಂಗೆ ಇದ್ಬುಟ್ನಲ್ಲೇ.”